ಆದರೆ ಆಗಲಿ: ವಾಂತಿಯ ಭಯವೂ ವಿವೇಚನೆಯೂ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಯಾವ ವಿಷಯದ ಬಗ್ಗೆ ಮಾತಾಡುತ್ತೀರಿ ಎಂದು ಸಂಘಟಕರು ಫೋನಿನಲ್ಲಿ ಕೇಳಿದಾಗ ‘ವಾಂತಿ’ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಸಾರ್, ಉಪನ್ಯಾಸ ಮುಗಿದ ಕೂಡಲೇ ಊಟ ಇಟ್ಟುಕೊಂಡಿದ್ದೇವಲ್ಲ’ ಎಂದರು. ಅವರ ಸಂಕಟ ಅರ್ಥವಾಯಿತು. ಆದರೂ ವಿಷಯ ಬದಲಿಸಲಿಲ್ಲ. ಇದು ವಿಚಾರವಾದದ ನೆನಪಿಗಾಗಿ ಇಟ್ಟ ದತ್ತಿ. ಇಂಥ ವೇದಿಕೆಗಳಲ್ಲಿ ನಾವು ಜ್ಯೋತಿಷ, ಪವಾಡ, ಮಾಟ ಇವನ್ನು ತರಾಟೆಗೆ ತೆಗೆದುಕೊಳ್ಳುತ್ತೇವೆ. ಅವು ಬಹುಪಾಲು ಬೇರೆಯವರ ನಂಬಿಕೆಗಳು, ಹಾಗಾಗಿ ನಮಗೆ ಕೈಗೆಟುಕುತ್ತವೆ. ಪಂಚಾಂಗ ನೋಡದೆ ಮನೆ ಕಟ್ಟಿದ, ರಾಹುಕಾಲದಲ್ಲೇ ಪ್ರಯಾಣ ಹೊರಡುವ ಮನುಷ್ಯ ಮದುವೆಮನೆಯ ಪಂಕ್ತಿಯಲ್ಲಿ ಕೂರಲು ಹೆದರಿ ಗೇಟಿನಿಂದಲೇ ವಾಪಸಾಗುವುದುಂಟು. ಅವನ ವಿಚಾರಶಕ್ತಿ ಅಲ್ಲಿ ಏಕೆ ಸೋತಿತು, ಅದನ್ನು ಮತ್ತೆ ಹೇಗೆ ಕೆಲಸಕ್ಕೆ ಹಚ್ಚಬಹುದು ಎನ್ನುವುದೇ ಇವತ್ತಿನ ಮಾತು.

ವೈದ್ಯರು ಈ ವಾಂತಿಯ ಭಯವನ್ನು ಎಮೆಟೊಫೋಬಿಯಾ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗಪಟ್ಟಿಯಲ್ಲಿ ಹಾವಿನ ಭಯ, ಎತ್ತರದ ಭಯ, ಸೂಜಿಯ ಭಯಗಳಿರುವ ಗುಂಪಿನಲ್ಲೇ ಇದಕ್ಕೂ ಜಾಗವಿದೆ. ಆದರೆ ಹಾವಿಗೆ ಹೆದರುವವನು ತೋಟಕ್ಕೆ ಇಳಿಯದೆ ಇದ್ದುಬಿಡಬಹುದು. ವಾಂತಿಗೆ ಹೆದರುವವನು ತನ್ನ ಹೊಟ್ಟೆಯನ್ನು ಎಲ್ಲಿಟ್ಟು ಬರಬೇಕು? ಹೆಚ್ಚಿನವರಲ್ಲಿ ಇದು ಬಾಲ್ಯದಲ್ಲೇ ಶುರುವಾಗಿ ದಶಕಗಟ್ಟಲೆ ಉಳಿಯುತ್ತದೆ. ಹೆಂಗಸರಲ್ಲಿ ಹೆಚ್ಚು. ನಮ್ಮಲ್ಲಿ ಇದು ‘ಗ್ಯಾಸ್ಟ್ರಿಕ್’ ಎಂಬ ಹೆಸರಿನಲ್ಲಿ ಅಡಗಿಕೊಂಡಿರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ವರ್ಷಕ್ಕೊಂದು ಎಂಡೋಸ್ಕೋಪಿ, ಎಲ್ಲ ನಾರ್ಮಲ್ ಎಂಬ ರಿಪೋರ್ಟು. ತೂಕ ಇಳಿದಿದ್ದರೆ ಊಟ ಬಿಡುವ ಕಾಯಿಲೆ ಎಂದು, ಕೈ ತೊಳೆಯುವುದು ಜಾಸ್ತಿಯಾದರೆ ಗೀಳು ಎಂದು ವೈದ್ಯರೂ ದಾರಿ ತಪ್ಪುತ್ತಾರೆ.

ಒಬ್ಬ ಹುಡುಗಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಇವಳು ಯಾರೋ ಒಬ್ಬಳಲ್ಲ, ಯಾರ ಗುರುತೂ ಸಿಗದಂತೆ ಹಲವರನ್ನು ಕೂಡಿಸಿ ಮಾಡಿದವಳು. ಹಾಸ್ಟೆಲಿನಲ್ಲಿದ್ದಾಳೆ. ಅನ್ನವನ್ನು ಮೂಸಿ ನೋಡದೆ ಬಾಯಿಗಿಡುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ತಾರೀಖು ನೋಡಿ, ಗೆಳತಿಗೂ ತೋರಿಸಿ, ಮತ್ತೆ ನೋಡುತ್ತಾಳೆ. ರಾತ್ರಿ ಎರಡು ತುತ್ತಿಗಿಂತ ಹೆಚ್ಚು ಉಣ್ಣುವುದಿಲ್ಲ, ಮಲಗಿದಾಗ ಮೇಲೆ ಬಂದರೆ ಎಂಬ ದಿಗಿಲು. ಬ್ಯಾಗಿನಲ್ಲಿ ನಾಲ್ಕು ಪ್ಲಾಸ್ಟಿಕ್ ಕವರು, ಒಂದು ನಿಂಬೆಹಣ್ಣು, ಪೆಪ್ಪರಮಿಂಟು, ಅವೊಮಿನ್ ಮಾತ್ರೆ. ರೂಮಿನವಳು ‘ಯಾಕೋ ಹೊಟ್ಟೆ ತೊಳಸ್ತಿದೆ ಕಣೆ’ ಎಂದರೆ ಸಾಕು, ದಿಂಬು ಹೊದಿಕೆ ಹಿಡಿದು ಬೇರೆ ರೂಮಿಗೆ ಹೊರಟುಬಿಡುತ್ತಾಳೆ. ಮದುವೆಯ ಮಾತು ಬಂದಾಗ ಅವಳು ಹಿಂಜರಿಯುವುದು ಗಂಡನಿಗೆ ಹೆದರಿಯಲ್ಲ, ಬಸಿರಿನ ವಾಕರಿಕೆಗೆ ಹೆದರಿ; ಮನೆಯವರಿಗೆ ಇದನ್ನು ಹೇಳುವುದು ಹೇಗೆ? ಇಷ್ಟಾಗಿ ಈ ಹುಡುಗಿ ಐದನೇ ಕ್ಲಾಸಿನ ಮೇಲೆ ಒಂದು ಸಲವೂ ವಾಂತಿ ಮಾಡಿಕೊಂಡಿಲ್ಲ.

ಆ ಕೊನೆಯ ಸಂಗತಿಯಲ್ಲೇ ಗಂಟು ಇರುವುದು. ಇಷ್ಟು ವರ್ಷ ವಾಂತಿಯಾಗಲಿಲ್ಲವಲ್ಲಮ್ಮ, ಮತ್ತೇಕೆ ಭಯ ಎಂದು ಕೇಳಿದರೆ ಅವಳ ಉತ್ತರ ಸಿದ್ಧವಾಗಿದೆ: ‘ನಾನು ಹುಷಾರಾಗಿದ್ದೆ, ಅದಕ್ಕೇ ಆಗಲಿಲ್ಲ.’ ಲಾರಿಯ ಮುಂದೆ ದೃಷ್ಟಿಗೆಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದವನು ಸಂಜೆ ಸುಖವಾಗಿ ಮನೆ ಸೇರಿ ಹೇಳುವ ಮಾತೂ ಇದೇ. ಅವಳ ಬ್ಯಾಗಿನ ನಿಂಬೆಹಣ್ಣಿಗೂ ಅವನ ಲಾರಿಯ ನಿಂಬೆಹಣ್ಣಿಗೂ ನಡುವೆ ನನಗೆ ಹೆಚ್ಚು ಅಂತರ ಕಾಣುವುದಿಲ್ಲ. ಎರಡೂ ಎಂದೂ ಪರೀಕ್ಷೆಗೆ ಕೂತಿಲ್ಲ. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಒಂದು ಸಮಿತಿ ರಚಿಸಿದ್ದು ನಿಮಗೆ ನೆನಪಿರಬಹುದು. ಅವರು ಕೇಳಿದ್ದು ಇಷ್ಟೇ: ಪರೀಕ್ಷೆಗೆ ಒಡ್ಡಿ, ನೋಡೋಣ. ಕಾಕತಾಳೀಯವೋ ಏನೋ, ಅದೇ 1976ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿ, ಅಂದರೆ ವೈದ್ಯರಾದ ಡಾ. ಎಂ. ಶಿವರಾಂ, ಮನಸ್ಸಿನ ಕುರಿತು ಬರೆದ ‘ಮನಮಂಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೊರಗಿನ ಪವಾಡಕ್ಕೆ ನರಸಿಂಹಯ್ಯನವರು ಒಡ್ಡಿದ ಪರೀಕ್ಷೆಯನ್ನೇ ಒಳಗಿನ ಭಯಕ್ಕೂ ಒಡ್ಡಬೇಕು ಎಂಬುದು ನನ್ನ ವಾದ.

ಪರೀಕ್ಷೆಗೆ ಮೊದಲು, ನಾವು ಹೆದರುವ ವಸ್ತು ಏನೆಂದು ನೋಡೋಣ. ಮೆದುಳಿನ ಬುಡದಲ್ಲಿ, ನಾಲ್ಕನೆಯ ಕುಹರದ ತಳದಲ್ಲಿ, ಏರಿಯಾ ಪೋಸ್ಟ್ರೀಮಾ ಎಂಬ ಪುಟ್ಟ ಜಾಗವಿದೆ. ಮೆದುಳಿನ ಹೆಚ್ಚಿನ ಭಾಗಗಳಿಗೆ ರಕ್ತದಲ್ಲಿರುವ ಎಲ್ಲ ವಸ್ತುಗಳೂ ತಲುಪದಂತೆ ಒಂದು ತಡೆ ಇರುತ್ತದೆ. ಇಲ್ಲಿ ಆ ತಡೆ ಸಡಿಲ. ಹಾಗಾಗಿ ರಕ್ತದಲ್ಲಿ ವಿಷವಸ್ತು ಕಂಡರೆ ಮೊದಲು ಗೊತ್ತಾಗುವುದು ಈ ಜಾಗಕ್ಕೆ. ಕರುಳಿನಿಂದ ವೇಗಸ್ ನರದ ಮೂಲಕವೂ ಸುದ್ದಿ ಬರುತ್ತದೆ, ಘಾಟಿಯ ತಿರುವುಗಳಲ್ಲಿ ಒಳಕಿವಿಯಿಂದಲೂ ಬರುತ್ತದೆ. ಆಮೇಲೆ ನಡೆಯುವುದು ಬಹಳ ಅಚ್ಚುಕಟ್ಟಾದ ಕೆಲಸ. ಮೊದಲು ಬಾಯಿಯಲ್ಲಿ ನೀರೂರುತ್ತದೆ. ಮೇಲೆ ಬರುವ ಹುಳಿಯಿಂದ ಹಲ್ಲು ಕೆಡದಿರಲಿ ಎಂದು. ಉಸಿರು ಒಮ್ಮೆ ಆಳವಾಗಿ ಒಳಹೋಗಿ ನಿಲ್ಲುತ್ತದೆ, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ, ಕಿರುನಾಲಿಗೆಯ ಸುತ್ತಿನ ಮೆದು ಅಂಗುಳು ಮೇಲೆದ್ದು ಮೂಗಿನ ದಾರಿ ತಡೆಯುತ್ತದೆ. ವಪೆ ಮತ್ತು ಹೊಟ್ಟೆಯ ಸ್ನಾಯುಗಳು ಒಟ್ಟಿಗೆ ಹಿಂಡುತ್ತವೆ. ಜಠರ ತಾನಾಗಿ ಏನೂ ಎತ್ತಿ ಎಸೆಯುವುದಿಲ್ಲ. ಫ್ರಾನ್ಸಿನ ಫ್ರಾಂಸ್ವಾ ಮಾಜೆಂಡಿ 1813ರಲ್ಲಿ ಒಂದು ನಾಯಿಯ ಜಠರ ತೆಗೆದು ಆ ಜಾಗದಲ್ಲಿ ಹಂದಿಯ ಮೂತ್ರಕೋಶ ಜೋಡಿಸಿ, ವಾಂತಿ ತರಿಸುವ ಔಷಧವನ್ನು ರಕ್ತನಾಳಕ್ಕೆ ಕೊಟ್ಟ. ಆ ಚೀಲವೂ ಖಾಲಿಯಾಯಿತು. ಕ್ರೂರ ಪ್ರಯೋಗ, ಆದರೆ ವಿಷಯ ತೀರ್ಮಾನವಾಯಿತು. ಇಲಿಗಳಿಗೆ ವಾಂತಿ ಮಾಡಲು ಬರುವುದಿಲ್ಲ, ಕುದುರೆಗಳಿಗೂ ಬರುವುದಿಲ್ಲ. ತಿಂದ ಪಾಷಾಣವನ್ನು ಇಲಿ ಹೊರಹಾಕಲಾರದು. ನಮಗೆ ಆ ಸೌಲಭ್ಯವಿದೆ.

ಇಷ್ಟು ಕೇಳಿದ ಮೇಲೆ ಆ ಹುಡುಗಿಯ ಭಯ ಹೋಗುತ್ತದೆಯೇ? ಇಲ್ಲ. ಹೋಗುವುದಾಗಿದ್ದರೆ ಶರೀರಶಾಸ್ತ್ರದ ಪುಸ್ತಕ ಕೊಟ್ಟು ಕಳಿಸಬಹುದಿತ್ತು. ಯಾಕೆಂದರೆ ಭಯ ಇರುವುದು ಘಟನೆಯ ಬಗ್ಗೆ ಅವಳು ಇಟ್ಟುಕೊಂಡ ನಂಬಿಕೆಯಲ್ಲಿ. ಅದಕ್ಕೆ ಸಾಕ್ಷಿ ಬೇಕಿದ್ದರೆ ದೂರ ಹೋಗಬೇಕಾಗಿಲ್ಲ. ಆಯುರ್ವೇದದ ಪಂಚಕರ್ಮಗಳಲ್ಲಿ ಮೊದಲನೆಯದು ವಮನ. ಚರಕ ಸಂಹಿತೆಯ ಕಲ್ಪಸ್ಥಾನದ ಮೊದಲ ಅಧ್ಯಾಯವೇ ಮದನಫಲದ್ದು, ನಮ್ಮ ಮಂಗಾರೆಕಾಯಿಯದು. ವಾಂತಿ ಮಾಡಿಸಲು ಅದರ 133 ಬಗೆಯ ಔಷಧಯೋಗಗಳನ್ನು ಅಲ್ಲಿ ಹೇಳಿದೆ. ಹಠಯೋಗಿಗಳು ಬೆಳಿಗ್ಗೆ ಹೊಟ್ಟೆತುಂಬ ಉಪ್ಪುನೀರು ಕುಡಿದು ತಾವಾಗಿ ಕಕ್ಕುತ್ತಾರೆ. ಇವುಗಳಿಂದ ಎಷ್ಟು ಲಾಭ ಎಂಬುದು ಬೇರೆ ಚರ್ಚೆ, ನಾನು ಶಿಫಾರಸು ಮಾಡುತ್ತಿಲ್ಲ. ಇನ್ನು ನಮ್ಮ ಹಳ್ಳಿಗಳಲ್ಲಿ, ‘ಯಾರೋ ಮದ್ದು ಹಾಕಿದ್ದಾರೆ’ ಎಂದು ನಂಬಿದವನು ದುಡ್ಡು ಕೊಟ್ಟು, ಬಸ್ ಹಿಡಿದು, ಮದ್ದು ಕಕ್ಕಿಸುವವರ ಹತ್ತಿರ ಹೋಗುತ್ತಾನೆ. ಏನೋ ಕುಡಿಸುತ್ತಾರೆ, ಕಕ್ಕುತ್ತಾನೆ, ‘ಹೋಯ್ತಪ್ಪ, ಹಗುರಾಯ್ತು’ ಎಂದು ಮನೆಗೆ ಬರುತ್ತಾನೆ. ಹಳೆಯ ಸಿನಿಮಾದಲ್ಲಿ ನಾಯಕಿ ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದರೆ ಅತ್ತೆಯ ಮುಖ ಅರಳುತ್ತದೆ. ಅದೇ ಸ್ನಾಯುಗಳು, ಅದೇ ಹುಳಿ. ಒಬ್ಬರಿಗೆ ಶುದ್ಧಿ, ಒಬ್ಬರಿಗೆ ಬಿಡುಗಡೆ, ಒಬ್ಬರಿಗೆ ಸಿಹಿಸುದ್ದಿ, ನಮ್ಮ ಹುಡುಗಿಗೆ ಮಾತ್ರ ಪ್ರಳಯ. (ಊಟ ಬಿಟ್ಟು ಸೊರಗಿದ ಇಂಥ ಹುಡುಗಿಯನ್ನೇ ಮನೆಯವರು ಮದ್ದು ಕಕ್ಕಿಸಲು ಕರೆದುಕೊಂಡು ಹೋದರೆ ಅವಳ ಪಾಡೇನು, ನೀವೇ ಊಹಿಸಿ. ದಯವಿಟ್ಟು ಆ ಕೆಲಸ ಮಾಡಬೇಡಿ. ಬಲವಂತದ ವಾಂತಿ ಚಿಕಿತ್ಸೆಯಲ್ಲ.)

ಘಟನೆ, ನಂಬಿಕೆ, ಪರಿಣಾಮ ಎಂಬ ಈ ಸರಪಣಿಯನ್ನು ಚಿಕಿತ್ಸೆಯಾಗಿ ಮಾಡಿದವರು ಆಲ್ಬರ್ಟ್ ಎಲಿಸ್. 1913ರಲ್ಲಿ ಹುಟ್ಟಿ 2007ರಲ್ಲಿ ತೀರಿಕೊಂಡ ಅಮೆರಿಕದ ಮನಶ್ಶಾಸ್ತ್ರಜ್ಞ. 1955ರ ಹೊತ್ತಿಗೆ ತಮ್ಮ ‘ವಿವೇಚನಾ ಚಿಕಿತ್ಸೆ’ಯನ್ನು ರೂಪಿಸಿದರು. ಮೂಲ ವಿಚಾರ ರೋಮಿನಲ್ಲಿ ಗುಲಾಮನಾಗಿದ್ದ ತತ್ವಜ್ಞಾನಿ ಎಪಿಕ್ಟೆಟಸ್‌ನಿಂದ ಬಂದದ್ದು ಎಂದು ಅವರೇ ಒಪ್ಪಿಕೊಂಡಿದ್ದರು. ನನಗೆ ಅವರ ಪುಸ್ತಕಗಳಿಗಿಂತ ಅವರ ಯೌವನದ ಒಂದು ಪ್ರಸಂಗ ಹೆಚ್ಚು ಇಷ್ಟ. 19ರ ಹರೆಯದ ಎಲಿಸ್‌ಗೆ ಹೆಣ್ಣುಮಕ್ಕಳ ಜೊತೆ ಮಾತಾಡಲು ವಿಪರೀತ ಅಂಜಿಕೆ. ಒಂದು ತಿಂಗಳು ನ್ಯೂಯಾರ್ಕಿನ ಬ್ರಾಂಕ್ಸ್ ಸಸ್ಯೋದ್ಯಾನಕ್ಕೆ ಹೋಗಿ, ಬೆಂಚಿನ ಮೇಲೆ ಒಬ್ಬಳೇ ಕೂತ ಪ್ರತಿ ಹೆಂಗಸಿನ ಪಕ್ಕದಲ್ಲಿ ಕೂತು ಮಾತಾಡಿಸುವುದೆಂದು ತಮಗೆ ತಾವೇ ಕಟ್ಟಳೆ ಹಾಕಿಕೊಂಡರು. ಸುಮಾರು 130 ಮಂದಿ. 30 ಮಂದಿ ಎದ್ದು ಹೋದರು, ನೂರು ಮಂದಿ ಮಾತಾಡಿದರು, ಒಬ್ಬಳು ಮತ್ತೆ ಸಿಗುತ್ತೇನೆಂದು ಒಪ್ಪಿ ಬರಲೇ ಇಲ್ಲ. ಪ್ರೇಮದ ಲೆಕ್ಕದಲ್ಲಿ ಪೂರ್ತಿ ಸೋಲು. ಆದರೆ ಯಾರೂ ಪೊಲೀಸರನ್ನು ಕರೆಯಲಿಲ್ಲ, ಯಾರೂ ಮುಖಕ್ಕೆ ಉಗಿಯಲಿಲ್ಲ, ಅಂಜಿಕೆ ಹೋಯಿತು. ಇಲ್ಲಿ ಗಮನಿಸಬೇಕಾದದ್ದು: ಎಲಿಸ್ ತಮಗೆ ತಾವು ‘ಯಾರೂ ತಿರಸ್ಕರಿಸುವುದಿಲ್ಲ’ ಎಂದು ಹೇಳಿಕೊಂಡಿರಲಿಲ್ಲ. ತಿರಸ್ಕರಿಸಿದರೆ ಏನಾಗುತ್ತದೆ ಎಂದು ನೋಡಲು ಹೋಗಿದ್ದರು.

ವಾಂತಿಯ ಭಯದಲ್ಲಿ ವಿವೇಚನೆ ಎಡವುವುದು ಇದೇ ಜಾಗದಲ್ಲಿ. ಹೆದರಿದವರು ವಿಚಾರ ಮಾಡುವುದಿಲ್ಲ ಎಂದು ನಾವು ತಿಳಿದಿದ್ದೇವೆ. ಅವರು ವಿಚಾರ ಮಾಡುವುದನ್ನು ನಿಲ್ಲಿಸುವುದೇ ಇಲ್ಲ. ನೊರೋವೈರಸ್ ಎಂಬುದೊಂದಿದೆ, ಜಗತ್ತಿನಾದ್ಯಂತ ವಾಂತಿ ತರಿಸುವ ವೈರಸ್. 1968ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ನಾರ್ವಾಕ್ ಊರಿನ ಶಾಲೆಯೊಂದರಲ್ಲಿ ಹರಡಿದ್ದರಿಂದ ಆ ಹೆಸರು. ಅದು ದೇಹ ಹೊಕ್ಕ ಮೇಲೆ 12ರಿಂದ 48 ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ, ಒಂದರಿಂದ ಮೂರು ದಿನದಲ್ಲಿ ಹೋಗುತ್ತದೆ, ಸ್ಯಾನಿಟೈಸರಿಗೆ ಸುಲಭಕ್ಕೆ ಬಗ್ಗುವುದಿಲ್ಲ, ಸೋಪು ನೀರೇ ಬೇಕು. ಇದೆಲ್ಲ ಈ ಭಯದವರಿಗೆ ನನಗಿಂತ ಚೆನ್ನಾಗಿ ಬಾಯಿಪಾಠ. ಸಹಪಾಠಿ ಮಂಗಳವಾರ ವಾಂತಿ ಮಾಡಿದಳು, ಗುರುವಾರ ಬೆಳಿಗ್ಗೆ ಹತ್ತಕ್ಕೆ 48 ಗಂಟೆ, ಅಲ್ಲಿಯವರೆಗೆ ಊಟವಿಲ್ಲ. ಸಂಭವನೀಯತೆ ಶೇಕಡ ಎರಡೋ ಮೂರೋ? ಮೂರಾದರೆ? ಲೆಕ್ಕ ಸರಿಯಾಗಿಯೇ ಇದೆ, ಮಾಹಿತಿಯೂ ನಿಜ. ತರ್ಕ ಇಲ್ಲಿ ತಾಯಿತದ ಕೆಲಸಕ್ಕೆ ಇಳಿದಿದೆ, ಅಷ್ಟೇ. ‘ಆಗುತ್ತದೆಯೋ ಇಲ್ಲವೋ’ ಎಂಬ ಪ್ರಶ್ನೆ ಇರುವವರೆಗೆ ಎಷ್ಟು ತರ್ಕಿಸಿದರೂ ಭಯದ ಹೊಟ್ಟೆ ತುಂಬುವುದಿಲ್ಲ, ಏಕೆಂದರೆ ಆ ಪ್ರಶ್ನೆಗೆ ಖಾತರಿಯ ಉತ್ತರ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ವಿವೇಚನೆ ಮಾಡಬೇಕಾದ ಕೆಲಸ ಪ್ರಶ್ನೆಯನ್ನೇ ಬದಲಿಸುವುದು: ‘ಆದರೆ ಏನಾಗುತ್ತದೆ?’

ಆಗ ಒಳಗಿನ ನಂಬಿಕೆಗಳು ಒಂದೊಂದಾಗಿ ಹೊರಬರುತ್ತವೆ. ‘ಶುರುವಾದರೆ ನಿಲ್ಲುವುದೇ ಇಲ್ಲ.’ ಐದನೇ ಕ್ಲಾಸಿನಲ್ಲಿ ನಿಂತಿತ್ತಲ್ಲ? ‘ಉಸಿರು ಕಟ್ಟಿ ಸಾಯುತ್ತೇನೆ.’ ಎಚ್ಚರವಿರುವವರಿಗೆ ಶ್ವಾಸನಾಳ ಮುಚ್ಚುವ ವ್ಯವಸ್ಥೆ ಇದೆ ಎಂದು ಆಗಲೇ ಹೇಳಿದೆ. ಅಪಾಯವಿರುವುದು ಕಂಠಪೂರ್ತಿ ಕುಡಿದು ಎಚ್ಚರ ತಪ್ಪಿದವರಿಗೆ, ಪ್ರಜ್ಞೆ ಇಲ್ಲದವರಿಗೆ. ‘ಎಲ್ಲರೂ ಅಸಹ್ಯಪಡುತ್ತಾರೆ.’ ಇದನ್ನು ನಾನು ಸ್ವಲ್ಪ ಎಳೆಯುತ್ತೇನೆ. ಆಗುಂಬೆಯ 14 ತಿರುವು ಇಳಿಯುವ ಬಸ್ಸಿನಲ್ಲಿ ಯಾರಾದರೂ ವಾಂತಿ ಮಾಡಿಕೊಳ್ಳದ ದಿನ ಇರಲಾರದು. ಅಲ್ಲಿ ಏನು ನಡೆಯುತ್ತದೆ? ಕಂಡಕ್ಟರು ಕವರು ಕೊಡುತ್ತಾನೆ, ಇಲ್ಲವೇ ಗೊಣಗುತ್ತಾನೆ. ಕಿಟಕಿಯ ಪಕ್ಕದವನು ಎದ್ದು ಜಾಗ ಬಿಡುತ್ತಾನೆ. ಹಿಂದಿನ ಸೀಟಿನ ಅಜ್ಜಿ ನೀರಿನ ಬಾಟಲಿ ಚಾಚಿ ‘ಪಿತ್ತ ಆಗಿರ್ಬೇಕು ಮಗ’ ಎನ್ನುತ್ತಾಳೆ. ಒಬ್ಬಿಬ್ಬರು ಮೂಗು ಮುಚ್ಚಿಕೊಳ್ಳುತ್ತಾರೆ, ಅದೂ ನಿಜ, ಮುಚ್ಚಿಡಬಾರದು. ಸೋಮೇಶ್ವರ ತಲುಪುವಷ್ಟರಲ್ಲಿ ಎಲ್ಲರೂ ಮರೆತಿರುತ್ತಾರೆ. ‘ಆ ಮನುಷ್ಯನ ಬಗ್ಗೆ ನಿನಗೆ ಏನನ್ನಿಸುತ್ತದೆ?’ ಎಂದು ಕೇಳಿದರೆ ‘ಪಾಪ’ ಎನ್ನುತ್ತಾಳೆ. ನಿನಗಾದರೆ? ‘ಅದು ಬೇರೆ.’ ಏಕೆ ಬೇರೆ ಎಂಬುದಕ್ಕೆ ಉತ್ತರ ಸಿಗದೆ ಅವಳು ಸುಮ್ಮನಾಗುವ ಆ ಕ್ಷಣ ನನಗೆ ಬಹಳ ಮುಖ್ಯ.

ಕೊನೆಗೆ ಉಳಿಯುವುದು ‘ನನಗೆ ತಡೆದುಕೊಳ್ಳಲು ಆಗುವುದಿಲ್ಲ’ ಎಂಬ ಮಾತು. ವಾಂತಿ ಹಿತವಾದದ್ದು ಎಂದು ಯಾರೂ ವಾದಿಸಬೇಕಾಗಿಲ್ಲ, ಎಲಿಸ್ ಕೂಡ ವಾದಿಸುತ್ತಿರಲಿಲ್ಲ. ಅದು ಕೆಟ್ಟ ಅನುಭವ. ಕೆಟ್ಟದ್ದಕ್ಕೂ ಭಯಂಕರವಾದದ್ದಕ್ಕೂ ನಡುವಿನ ದೂರವನ್ನು ಅಳೆಯುವುದೇ ವಿವೇಚನೆ.

ಭಯಕ್ಕೆ ಎಂದೂ ಆಧಾರ ಇರಲಿಲ್ಲ ಎಂದೂ ನಾನು ಹೇಳಲಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ವಾಂತಿಭೇದಿ ಎಂದರೆ ಕಾಲರಾ, ಊರಿಗೆ ಊರೇ ಖಾಲಿ. ಅದನ್ನು ಕಟ್ಟಿಹಾಕಿದ್ದು ಸಕ್ಕರೆ, ಉಪ್ಪು, ನೀರು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಈ ದ್ರಾವಣ ಕುಡಿಸಿ, ಶೇ. 30ರ ಸುಮಾರಿಗಿದ್ದ ಸಾವಿನ ಪ್ರಮಾಣವನ್ನು ಶೇ. 4ಕ್ಕಿಂತ ಕೆಳಗಿಳಿಸಿದರು. ಇವತ್ತಿಗೂ ರಕ್ತ ಕಂಡರೆ, ತಲೆಗೆ ಪೆಟ್ಟಾದ ಮೇಲೆ ವಾಂತಿಯಾದರೆ, ಎಳೆಗೂಸು ಹಸಿರು ಬಣ್ಣದ್ದನ್ನು ಕಕ್ಕಿದರೆ, ಬಸುರಿಯ ಹೊಟ್ಟೆಯಲ್ಲಿ ನೀರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಉಳಿದದ್ದರಲ್ಲಿ ಹೆಚ್ಚಿನದಕ್ಕೆ ಒಂದು ಬಕೆಟ್ಟು, ಓಆರ್‌ಎಸ್ ಪೊಟ್ಟಣ, ವಿಶ್ರಾಂತಿ.

ಇನ್ನು ಪರೀಕ್ಷೆ. ಮಾತಿನಲ್ಲಿ ಸೋತ ನಂಬಿಕೆ ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಗುಡುಗುಡು ಎಂದಾಗ ಮತ್ತೆ ಎದ್ದು ಕೂರುತ್ತದೆ. ಆದ್ದರಿಂದ ಕಾಲಿನಿಂದಲೂ ಯೋಚಿಸಬೇಕು. ಮೊದಲು ‘ವಾಂತಿ’ ಎಂದು ಕಾಗದದ ಮೇಲೆ ಬರೆಯುವುದು. ನಗಬೇಡಿ, ಎಷ್ಟೋ ಜನರಿಗೆ ಆ ಪದ ಬರೆಯಲು ಕೈ ಏಳುವುದಿಲ್ಲ. ಆಮೇಲೆ ಗಟ್ಟಿಯಾಗಿ ಹೇಳುವುದು, ಚಿತ್ರ, ಧ್ವನಿ, ವಿಡಿಯೋ. ಮಜ್ಜಿಗೆಗೆ ನೆನೆದ ಅವಲಕ್ಕಿ, ಸಾರಿನ ಗಷ್ಟು ಕಲಸಿ ಬಚ್ಚಲಿಗೆ ಸುರಿದು, ತಾವೇ ತೊಳೆಯುವುದು. ಕುರ್ಚಿಯಲ್ಲಿ ಗಿರ್ರನೆ ತಿರುಗಿ ತಲೆಸುತ್ತು ತಂದುಕೊಂಡು, ಆ ಹೊಟ್ಟೆ ತೊಳಸುವಿಕೆಯೊಂದಿಗೆ ಸುಮ್ಮನೆ ಕೂರುವುದು. ಈ ಕೊನೆಯದು ಬಹಳ ಉಪಯೋಗಿ, ಏಕೆಂದರೆ ಹೆದರಿಕೆಯಿಂದಲೇ ಜಠರದ ಕೆಲಸ ನಿಧಾನವಾಗಿ ವಾಕರಿಕೆ ಬರುತ್ತದೆ, ವಾಕರಿಕೆಯಿಂದ ಹೆದರಿಕೆ ಏರುತ್ತದೆ. ಈ ಸುತ್ತು ಅರ್ಥವಾಗಬೇಕಾದರೆ ಅದರೊಳಗೆ ಒಮ್ಮೆ ಬೇಕೆಂದೇ ಕೂರಬೇಕು. ಜೊತೆಗೆ ತಾಯಿತಗಳನ್ನು ಬಿಚ್ಚುತ್ತ ಹೋಗುವುದು: ಮೊದಲು ಕವರುಗಳು, ಆಮೇಲೆ ಮಾತ್ರೆ, ಕೊನೆಗೆ ನಿಂಬೆಹಣ್ಣು. ಪ್ರತಿ ಸಲ ಹೊರಡುವ ಮುಂಚೆ ‘ಏನಾಗುತ್ತದೆ’ ಎಂಬ ತನ್ನ ಊಹೆಯನ್ನು ಬರೆದಿಟ್ಟು, ಬಂದ ಮೇಲೆ ನಿಜವಾಗಿ ಆದದ್ದನ್ನು ಪಕ್ಕದಲ್ಲಿ ಬರೆಯಬೇಕು. ಭಯ ಕಡಿಮೆಯಾಯಿತೇ ಎಂದು ಆಗಾಗ ಮುಟ್ಟಿ ನೋಡಿಕೊಳ್ಳಬಾರದು. ಊಹೆ ತಪ್ಪಾಯಿತು ಎಂಬುದು ಮನಸ್ಸಿಗೆ ನಾಟಿದರೆ ಸಾಕು ಎಂದು ಮಿಶೆಲ್ ಕ್ರಾಸ್ಕೆಯಂಥ ಸಂಶೋಧಕರು ಹೇಳುತ್ತಾರೆ. ಬೇಕೆಂದೇ ವಾಂತಿ ಮಾಡಿಕೊಳ್ಳುವ ಅಗತ್ಯವಿಲ್ಲ.

ಇದರಿಂದ ಎಷ್ಟು ಜನಕ್ಕೆ ವಾಸಿಯಾಗುತ್ತದೆ? ಉತ್ಪ್ರೇಕ್ಷೆ ಮಾಡಿದರೆ ನರಸಿಂಹಯ್ಯನವರ ಹೆಸರೆತ್ತಿದ್ದಕ್ಕೆ ಅವಮಾನ. ಲಂಡನ್ನಿನ ಡೇವಿಡ್ ವೀಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದವರು 24 ಜನ. ಅರ್ಧ ಮಂದಿಗೆ 12 ಭೇಟಿಗಳ ಚಿಕಿತ್ಸೆ, ಉಳಿದವರು ಸರದಿಯಲ್ಲಿ ಕಾದರು. ಚಿಕಿತ್ಸೆ ಪಡೆದ 12ರಲ್ಲಿ 6 ಮಂದಿ ಗಣನೀಯವಾಗಿ ಸುಧಾರಿಸಿದರು, ಕಾದವರಲ್ಲಿ ಇಬ್ಬರು. ಸಣ್ಣ ಪ್ರಯೋಗ, ಅರ್ಧದಷ್ಟು ಗೆಲುವು. ದಶಕಗಟ್ಟಲೆ ಅಂಟಿದ ಭಯಕ್ಕೆ ಮೂರು ತಿಂಗಳಷ್ಟು ಕೆಲಸದಲ್ಲಿ ಇದು ಕಡಿಮೆಯಲ್ಲ ಎಂಬುದು ನನ್ನ ಅಭಿಪ್ರಾಯ. ಔಷಧಗಳ ಪಾತ್ರ ಇಲ್ಲಿ ಚಿಕ್ಕದು. ಆತಂಕಕ್ಕೆ ಕೊಡುವ ಮಾತ್ರೆಗಳಿಗೆ ಮೊದಮೊದಲು ವಾಕರಿಕೆಯೇ ಅಡ್ಡಪರಿಣಾಮ. ಚೀಟಿಯಲ್ಲಿ ಅದನ್ನು ಓದಿದವರು ಮಾತ್ರೆ ಮುಟ್ಟುವುದಿಲ್ಲ. ನೆರವು ಬೇಕಾದವರು ನಿಮ್ಹಾನ್ಸ್‌ವರೆಗೆ ಹೋಗಲೇಬೇಕೆಂದಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗವಿದೆ, 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರಿಗೆ ಒಂದು ಮಾತು. ಮಗಳು ಊಟದ ನಡುವೆ ‘ಅಮ್ಮ, ವಾಂತಿ ಆಗಲ್ಲ ಅಲ್ವಾ?’ ಎಂದು ಕೇಳುತ್ತಾಳೆ. ‘ಏನೂ ಆಗಲ್ಲ, ಉಣ್ಣು ಪುಟ್ಟಿ’ ಎನ್ನುತ್ತೀರಿ, ಪ್ರೀತಿಯಿಂದ. ಹತ್ತು ನಿಮಿಷಕ್ಕೆ ಮತ್ತೆ ಕೇಳುತ್ತಾಳೆ. ನೀವು ಕೊಟ್ಟದ್ದು ಅನ್ನದ ಜೊತೆ ಇನ್ನೊಂದು ತಾಯಿತ. ಬದಲಿಗೆ, ‘ಗೊತ್ತಿಲ್ಲ ಕಣೆ. ಆದರೆ ಆಗಲಿ, ಒರೆಸಿದರಾಯಿತು. ಪಲ್ಯ ಹಾಕಲಾ?’ ಎನ್ನಿ. ಮೊದಲ ವಾರ ಅಳುತ್ತಾಳೆ, ನಿಮ್ಮನ್ನು ಕಟುಕಿ ಎನ್ನುತ್ತಾಳೆ. ಅಪ್ಪ, ಅಜ್ಜಿ, ಶಾಲೆಯ ಮೇಷ್ಟ್ರು ಎಲ್ಲರೂ ಒಂದೇ ಉತ್ತರಕ್ಕೆ ಅಂಟಿಕೊಳ್ಳಬೇಕು; ಒಬ್ಬರು ಸಡಿಲವಾದರೆ ಅವಳು ಅವರನ್ನೇ ಹುಡುಕಿಕೊಂಡು ಹೋಗುತ್ತಾಳೆ.

ಚಿಕಿತ್ಸೆ ಮುಗಿದ ಮೇಲೆ ಎಂದಾದರೂ ನಿಜವಾಗಿ ವಾಂತಿಯಾಗುತ್ತದೆ, ಯಾರಿಗಾದರೂ ಆಗುವಂತೆ. ‘ಇಷ್ಟೇನಾ?’ ಎನ್ನುವವರಿದ್ದಾರೆ. ಹಳೆಯ ಭಯ ಮರುಕಳಿಸಿ ಮತ್ತೆ ಕವರು ಹುಡುಕುವವರೂ ಇದ್ದಾರೆ. ಎರಡನೆಯವರಿಗೆ ನಾನು ಹೇಳುವುದು ಬಹಳ ಸಣ್ಣದು. ಹೊಟ್ಟೆ ಸರಿಹೋದ ಕೂಡಲೇ, ಮರುದಿನವೋ ಅದರ ಮರುದಿನವೋ, ಅದೇ ಮೆಸ್ಸಿನಲ್ಲಿ ಅದೇ ಅಡುಗೆಯನ್ನು ಹೊಟ್ಟೆತುಂಬ ಉಣ್ಣಿ. ಯಾವುದರಿಂದ ಆಯಿತು ಎಂದು ಹುಡುಕಲು ಹೊರಡಬೇಡಿ. ಹಳೆಯ ನೋಟ್‌ಬುಕ್ಕಿನಲ್ಲಿ ಆ ದಿನದ ಊಹೆಯ ಪಕ್ಕ ಏನಾಯಿತು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು, ತಾರೀಖು ಹಾಕಿ.